ಎರಡನೇ ಮೂಗು

ದೊಡ್ಡಾಸ್ಪತ್ರೆಯ ಕಂಪ್ಯೂಟರುಗಳೆಲ್ಲ ಒಣಮೀನು ನಾರುತ್ತಿವೆ ಎಂದು ಫೋನು ಬಂದಾಗ ನಾವು ನಂಬಲಿಲ್ಲ. ಪಕ್ಕದಲ್ಲೇ ಕ್ಯಾಂಟೀನಿದೆ, ಗಾಳಿಗೆ ಬಂದಿರಬೇಕು ಎಂದು ಹೇಳಿ ನಮ್ಮ ಕಚೇರಿಯ ಹಿರಿಯರಾದ ಶ್ರೀಪತಿರಾಯರು ಫೋನು ಇಟ್ಟುಬಿಟ್ಟರು. ಅದು ಮತ್ತೆ ಹೊಡೆದುಕೊಂಡಿತು. ಈ ಸಲ ಆಸ್ಪತ್ರೆಯ ಮೇಲ್ವಿಚಾರಕಿಯೇ ಮಾತಾಡಿದರು. "ವಾಸನೆ ಹಾಳಾಗ್ಲಿ ಸ್ವಾಮಿ, ಒಂದು ಫೈಲೂ ತೆಗೀತಾ ಇಲ್ಲ. ಯಾರ ರಕ್ತ ಯಾವ ಗುಂಪು ಅಂತ ನಮಗೇ ಗೊತ್ತಿಲ್ಲ. ಆಪರೇಷನ್ನಿಗೆ ಮಲಗಿಸಿದೋರನ್ನ ಎಬ್ಬಿಸಿ ಬೆಂಚಿನ ಮೇಲೆ ಕೂರಿಸಿದೀವಿ. ಬರ್ತೀರೋ ಇಲ್ವೋ?"

ಹೊರಟೆವು.

ನಮ್ಮ ಊರಿನಲ್ಲಿ ಕಂಪ್ಯೂಟರನ್ನು ಯಾರು ಮುಟ್ಟಿದರೂ ಅವರ ಅಡಿಗೆಮನೆಯ ವಾಸನೆ ಅದರಲ್ಲಿ ಉಳಿಯುತ್ತದೆ. ಎದುರಿಗೆ ಕೂತು ಮುಟ್ಟಬೇಕೆಂದೇನೂ ಇಲ್ಲ. ಸಮುದ್ರದಾಚೆ ಕೂತವನು ತಂತಿಯ ಮೂಲಕ ಒಳಗೆ ಬಂದರೂ ಅವತ್ತು ಅವನ ಒಲೆಯ ಮೇಲೆ ಏನಿತ್ತೋ ಅದು ಇಲ್ಲಿ ನಾರುತ್ತದೆ. ಊರು ಇದಕ್ಕೆ ಹೊಂದಿಕೊಂಡಿದೆ. ಮಕ್ಕಳು ಕೆಲಸಕ್ಕೆ ಅರ್ಜಿ ಹಾಕುವ ದಿನ ತಾಯಂದಿರು ಒಗ್ಗರಣೆ ಹಾಕುವುದಿಲ್ಲ. ಹೆಣ್ಣಿನ ಕಡೆಯವರು ಗಂಡಿನ ಫೋಟೋ ಬಂದರೆ ಮೊದಲು ಕಂಪ್ಯೂಟರನ್ನು ಮೂಸುತ್ತಾರೆ, ಆಮೇಲೆ ಫೋಟೋ ನೋಡುತ್ತಾರೆ. ಬೆಳ್ಳುಳ್ಳಿ ಮುಟ್ಟುವುದಿಲ್ಲ ಎಂದು ಹೇಳಿಕೊಂಡಿದ್ದ ಒಂದು ಮನೆಯ ಸಂಬಂಧ ಹೀಗೆಯೇ ಮುರಿದುಬಿತ್ತು. ನಗರಸಭೆಯ ಗುಮಾಸ್ತರು ಕೆಲವು ಅರ್ಜಿಗಳನ್ನು ತೆರೆದ ಕೂಡಲೆ ಮುಖ ತಿರುಗಿಸಿ ಪಕ್ಕಕ್ಕೆ ಸರಿಸುತ್ತಾರೆ. ಯಾಕೆಂದು ಯಾರೂ ಕೇಳುವುದಿಲ್ಲ. ಕೇಳುವವರಿಗೂ ಉತ್ತರ ಗೊತ್ತು.

ನಾನು ಕೆಲಸ ಮಾಡುವುದು ಜಾಡು ಕಚೇರಿಯಲ್ಲಿ. ಊರಿನ ಯಂತ್ರಗಳೊಳಗೆ ನುಗ್ಗುವವರು ಯಾರೆಂದು ಹೇಳುವುದು ನಮ್ಮ ಕೆಲಸ. ನುಗ್ಗುವವರು ಪುಡಿಗಳ್ಳರಲ್ಲ. ಗುಂಪು ಕಟ್ಟಿಕೊಂಡು, ಯಾರದೋ ಸಂಬಳ ತಿಂದುಕೊಂಡು, ತಿಂಗಳುಗಟ್ಟಲೆ ಸದ್ದಿಲ್ಲದೆ ಒಳಗೆ ಕೂತಿರುವವರು. ಬೆಳಿಗ್ಗೆ ಬರುತ್ತಾರೆ, ಊಟಕ್ಕೆ ಏಳುತ್ತಾರೆ, ಹಬ್ಬಕ್ಕೆ ರಜೆ ಹಾಕುತ್ತಾರೆ. ಅವರ ಮುಖ ನೋಡಿದವರಿಲ್ಲ, ಅಭ್ಯಾಸಗಳಷ್ಟೇ ಗೊತ್ತು. ಒಂದು ಗುಂಪನ್ನು ಮೊದಲು ಮೂಸಿದವರಿಗೆ ಅದಕ್ಕೆ ಹೆಸರಿಡುವ ಹಕ್ಕು. ವಿದ್ಯುತ್ ಕಂಪನಿಯ ನಕ್ಷೆಗಳನ್ನು ಹೊತ್ತೊಯ್ದವರಿಗೆ ಶ್ರೀಪತಿರಾಯರು ಇಟ್ಟ ಹೆಸರು 'ಸೀದ ಹಾಲು'. ನಗರಸಭೆಯ ಮತದಾರರ ಪಟ್ಟಿಯಲ್ಲಿ ಕೈಯಾಡಿಸಿದವರು 'ಹುಳಿಮೆಂತ್ಯ'. ಹೆಸರು ಬಿದ್ದ ಮೇಲೆ ಅವರು ನಮ್ಮವರೇ ಆದ ಹಾಗೆ. "ಸೀದ ಹಾಲಿನೋರು ಈ ವಾರ ಯಾಕೋ ಕಾಣಿಸ್ಲಿಲ್ಲ" ಎಂದು ರಾಯರು ಚಹಾ ಕುಡಿಯುತ್ತ ಹೇಳುತ್ತಿದ್ದದ್ದು ನೆಂಟರ ಬಗ್ಗೆ ಹೇಳಿದಂತೆಯೇ ಇರುತ್ತಿತ್ತು.

ರಾಯರು ಕಚೇರಿಯ ಹಿರಿಯ ಮೂಗು. ನಾನು ಎರಡನೇ ಮೂಗು. ನನ್ನನ್ನು ತೆಗೆದುಕೊಂಡದ್ದು ನಾನು ಹಾಸ್ಟೆಲಿನಲ್ಲಿ ಬೆಳೆದವಳು ಎಂಬ ಕಾರಣಕ್ಕೆ. "ಹಾಸ್ಟೆಲ್ ಸಾಂಬಾರು ಯಾರ ಮನೇದೂ ಅಲ್ಲ, ಈ ಹುಡುಗಿ ಮೂಗು ಯಾರ ಕಡೆಗೂ ವಾಲೋದಿಲ್ಲ" ಎಂದು ಅವರು ಸಂದರ್ಶನದಲ್ಲೇ ಹೇಳಿದ್ದರು. ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಕೆಲಸ ಬೇಕಿತ್ತು, ತಲೆಯಾಡಿಸಿದೆ. ಮೂರನೆಯವನು ಸಣ್ಣೀರ. ಯಂತ್ರದೊಳಗೆ ಬಂದವರು ಯಾವ ದಾರಿಯಲ್ಲಿ ಬಂದರು, ಏನು ಟೈಪು ಮಾಡಿದರು, ಎಲ್ಲಿ ಎಡವಿದರು ಎಂದು ಓದಿ ಹೇಳುವವನು. ನಮ್ಮ ಮೂವರಲ್ಲಿ ನಿಜವಾಗಿ ಓದಿಕೊಂಡವನು ಅವನೇ. ಆದರೆ ತೀರ್ಪಿಗೆ ಅವನ ಸಹಿ ಇಲ್ಲ. ತೀರ್ಪಿಗೆ ಬೇಕಾದದ್ದು ಎರಡು ಮೂಗು. ಅವನ ಮೂಗನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಸಣ್ಣೀರ ಕೆರೆಕೇರಿಯವನು.

ಒಣಮೀನು ತಿನ್ನುವವರು ನಮ್ಮ ಊರಿನ ಎಲ್ಲ ಬೀದಿಗಳಲ್ಲೂ ಇದ್ದಾರೆ. ಆದರೂ ಒಣಮೀನು ಅಂದರೆ ಕೆರೆಕೇರಿ ಎಂದು ಊರು ಒಪ್ಪಿಬಿಟ್ಟಿದೆ.

ಆಸ್ಪತ್ರೆಯಲ್ಲಿ ಮೂಗು ಹಿಡಿದುಕೊಳ್ಳದೆ ನಿಂತವರು ನಾವು ಮೂವರೇ. ರಾಯರು ಕಂಪ್ಯೂಟರಿನ ಹಿಂಬದಿಯ ಜಾಲರಿಗೆ ಮುಖವಿಟ್ಟು ಕಣ್ಣು ಮುಚ್ಚಿದರು. ಆಮೇಲೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, 'ಇದರಲ್ಲಿ ಮೂಸುವುದೇನಿದೆ' ಎಂಬಂತೆ. ನಾನೂ ಮೂಸಿದೆ. ಒಣಮೀನು, ಹುಣಿಸೆಹುಳಿ, ಬೆಳ್ಳುಳ್ಳಿ. ಗಾಢವಾದ ವಾಸನೆ. ಬಾಗಿಲಲ್ಲಿ ನಿಂತು ಕರೆದ ಹಾಗೆ.

ಸಣ್ಣೀರ ಇನ್ನೊಂದು ಮೂಲೆಯಲ್ಲಿ ಕೂತು ಓದುತ್ತಿದ್ದ. ಬಹಳ ಹೊತ್ತಿನ ಮೇಲೆ ನನ್ನನ್ನು ಕರೆದ. "ಮೇಡಂ, ಇವ್ರು ಬಂದು ಎಷ್ಟೋ ತಿಂಗ್ಳಾಗದೆ. ಫೈಲ್ಗಳ್ಗೆ ಬೀಗ ಹಾಕಿದ್ದು ಮಾತ್ರ ನೆನ್ನೆ. ಮೀನ್ ವಾಸ್ನೆ ಇರೋದು ನೆನ್ನೆ ಮುಟ್ಟಿದ್ರ ಮೇಲಷ್ಟೆ. ಅದ್ಕೂ ಮುಂಚಿಂದು ತೊಳ್ದವ್ರೆ."

"ತೊಳೆದಿದ್ದಾರೆ ಅಂದರೆ?"

"ಉಪವಾಸ ಮಾಡ್ಕೊಂಡ್ ಬಂದವ್ರೆ ಅಂತ ಇಟ್ಕಳಿ. ತಿಂಗ್ಳುಗಟ್ಲೆ ಉಪವಾಸ ಕುಂತೋರು ಕೊನೇ ದಿನ ಮೀನ್ಸಾರ್ ತಿಂದು ಬಂದ್ರಾ? ಅದೂ ಅಲ್ದೆ, ಇಲ್ನೋಡಿ. ಒಂದಕ್ಷರ ತಪ್ಪಾದ್ರೆ ಇವ್ನು ಆ ಅಕ್ಷರ ಅಳ್ಸಲ್ಲ, ಇಡೀ ಸಾಲೇ ಅಳ್ಸಿ ಮತ್ತೆ ಹೊಡೀತಾನೆ. ವಿದ್ಯುತ್ ಕಂಪನಿಗೆ ಬಂದಿದ್ದೋನ್ಗೂ ಇದೇ ಚಾಳಿ."

"ಸೀದ ಹಾಲು?"

"ಅಂಗಂತ ನಾನ್ ಹೇಳಿಲ್ಲ. ಚಾಳಿ ಒಂದೇ ಅಂದೆ. ಇಂಥ ಚಾಳಿ ಇರೋರು ಊರ್ ತುಂಬ ಅವ್ರೆ. ನಂಗೂ ಅದೆ."

ಇದು ಸಣ್ಣೀರನ ದೊಡ್ಡ ತೊಂದರೆ. ತನಗೆ ಅನುಕೂಲವಾದ ಮಾತನ್ನೂ ಪೂರ್ತಿ ಹೇಳುವುದಿಲ್ಲ. ಅಮಾವಾಸ್ಯೆಯ ದಿನ ಒಳಗೆ ಯಾರೂ ಓಡಾಡಿಲ್ಲ, ಸೀದ ಹಾಲಿನವರೂ ಅಮಾವಾಸ್ಯೆಗೆ ರಜೆ ಹಾಕುತ್ತಾರಲ್ಲ ಎಂದು ನಾನು ತೋರಿಸಿದರೆ, "ಅಮಾಸೆ ನಮ್ ಕೇರೀಲೂ ಮಾಡ್ತೀವಿ" ಎಂದ.

ನಾನು ಇನ್ನೊಮ್ಮೆ ಹೋಗಿ ಜಾಲರಿಗೆ ಮೂಗಿಟ್ಟೆ. ಮೀನಿನ ಅಡಿಯಲ್ಲಿ, ಬಹಳ ಅಡಿಯಲ್ಲಿ, ತಳ ಹಿಡಿದ ಹಾಲಿನ ವಾಸನೆಯ ಒಂದು ಎಳೆ ಇದ್ದಂತಿತ್ತು. ತಿರುಗಿ ನೋಡಿದರೆ ಕಾರಿಡಾರಿನ ತುದಿಯಲ್ಲಿ ಆಯಾ ಒಬ್ಬಳು ರೋಗಿಗಳಿಗೆಂದು ಹಾಲು ಕಾಯಿಸುತ್ತಿದ್ದಳು, ಪಾತ್ರೆ ತಳ ಹಿಡಿದಿತ್ತು. ಆ ಎಳೆ ಯಂತ್ರದೊಳಗಿನದೋ ಪಾತ್ರೆಯದೋ ನನಗೆ ಗೊತ್ತಾಗಲಿಲ್ಲ. ಪಾತ್ರೆ ತೊಳೆಸಿ, ಕಿಟಕಿ ತೆಗೆಸಿ, ಮತ್ತೆ ಮೂಸಿದೆ. ಇದೆ ಅನ್ನಿಸಿತು. ಇರಬೇಕೆಂದು ನಾನು ಬಯಸುತ್ತಿರುವುದರಿಂದ ಇದೆ ಅನ್ನಿಸುತ್ತಿದೆ ಎಂದೂ ಅನ್ನಿಸಿತು.

ರಾಯರ ಮನಸ್ಸಿನಲ್ಲಿ ಗೊಂದಲವಿರಲಿಲ್ಲ. ಹೋದ ತಿಂಗಳು ಹೆರಿಗೆಗೆ ಬಂದ ಕೆರೆಕೇರಿಯ ಹೆಂಗಸನ್ನು ಆಸ್ಪತ್ರೆಯವರು ಹೊರಗಿನ ಬೆಂಚಿನಲ್ಲೇ ಕೂರಿಸಿದ್ದರು, ಕೇರಿಯವರು ಗೇಟಿನ ಮುಂದೆ ಧರಣಿ ಹೂಡಿದ್ದರು. "ಕಾರಣ ಇದೆ, ವಾಸನೆ ಇದೆ, ಇನ್ನೇನಮ್ಮ ಬೇಕು?" ಎಂದರು. "ಕೇರೀಲಿ ಯಾವನೋ ಒಬ್ಬ ಬುದ್ಧಿವಂತ ಹುಟ್ಟಿಕೊಂಡಿದಾನೆ. ಹುಟ್ಟಬಾರದಾ?"

ಹುಟ್ಟಬಾರದು ಎಂದು ನಾನು ಹೇಗೆ ಹೇಳಲಿ? ಹೇಳಿದರೆ ಅದೂ ಒಂದು ಬಗೆಯ ಅವಮಾನವೇ.

ತೀರ್ಪು ಕೆರೆಕೇರಿಯ ಮೇಲೆ ಬಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ನಗರಸಭೆ ಕೇರಿಯ ತಂತಿ ಕೀಳುತ್ತದೆ. ತಂತಿಯಿಲ್ಲದ ಮನೆಗೆ ರೇಷನ್ನಿಲ್ಲ, ಆಸ್ಪತ್ರೆಯ ಚೀಟಿಯಿಲ್ಲ, ಪರೀಕ್ಷೆಯಿಲ್ಲ. ಕಿತ್ತ ತಂತಿಯನ್ನು ನಗರಸಭೆ ಮತ್ತೆ ಹಾಕಿದ್ದು ನಾನು ಕಂಡಿಲ್ಲ. ಸಣ್ಣೀರನ ತಂಗಿ ಚಂದ್ರಕಲಾ ನರ್ಸಿಂಗ್ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಪರೀಕ್ಷೆ ಮನೆಯ ಕಂಪ್ಯೂಟರಿನಲ್ಲೇ, ಮುಂದಿನ ವಾರ.

ಹೋಲಿಸಿ ನೋಡಲು ಕೇರಿಯ ಯಂತ್ರಗಳನ್ನು ಮೂಸಬೇಕು ಎಂಬುದು ನಿಯಮ. ರಾಯರು ನನ್ನನ್ನೇ ಕಳಿಸಿದರು, ತಾವು ಬರಲಿಲ್ಲ. ಸಣ್ಣೀರ ಮುಂದೆ ನಡೆದ. ಮಧ್ಯಾಹ್ನದ ಹೊತ್ತು, ಕೆರೆ ಏರಿಯ ಕೆಳಗಿನ ಮನೆಗಳ ಹೊರಗೆ ಹೆಂಗಸರು ಕೂತಿದ್ದರು. ಅವನ ಚಿಕ್ಕಮ್ಮ ಚಿಕ್ಕತಾಯಮ್ಮ ನನ್ನನ್ನು ಕಂಡವರೇ ಜೋರಾಗಿ ಹೇಳಿದರು, "ಮೂಸೋಳು ಬಂದವ್ಳೆ ಕಣ್ರಮ್ಮಿ! ಎಲ್ರೂ ಸಾಲಾಗ್ ನಿಂತ್ಕಳಿ!"

"ಚಿಕ್ಕವ್ವ, ಸುಮ್ಕಿರು" ಎಂದ ಸಣ್ಣೀರ.

"ಯಾಕ್ ಸುಮ್ಕಿರ್ಲಿ? ನನ್ ಗಂಡ ಒಂದಿನ ನನ್ ಸಾರ್ ಮೂಸ್ನಿಲ್ಲ. ಈವಮ್ಮ ಅಷ್ಟ್ ದೂರದಿಂದ ಬಂದವ್ರೆ, ಮೂಸ್ಲಿ ಬುಡು."

ಹೆಂಗಸರು ನಕ್ಕರು. ನನಗೂ ನಗು ಬಂತು, ನಗಬಹುದೋ ಬಾರದೋ ತಿಳಿಯದೆ ಕೆಮ್ಮಿದೆ. ಅದನ್ನು ನೋಡಿ ಅವರು ಇನ್ನೂ ನಕ್ಕರು.

ಸಣ್ಣೀರನ ಮನೆಯಲ್ಲಿ ಅವತ್ತು ಒಣಮೀನಿನ ಸಾರು ಕುದಿಯುತ್ತಿತ್ತು. ಅಡಿಗೆಮನೆಗೂ ಹಜಾರಕ್ಕೂ ನಡುವೆ ಬಾಗಿಲಿರಲಿಲ್ಲ, ಒದ್ದೆ ಮಾಡಿದ ಕಂಬಳಿ ಇಳಿಬಿಟ್ಟಿದ್ದರು. ಕಂಪ್ಯೂಟರಿಗೆ ಎರಡು ಪದರ ಬೆಡ್‌ಶೀಟು ಹೊದಿಸಿ ಪ್ಲಗ್ಗು ಕಿತ್ತು ಸುತ್ತಿಟ್ಟಿದ್ದರು. ಚಂದ್ರಕಲಾ ಹೊರಗೆ ಜಗುಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದಳು.

"ಪರೀಕ್ಷೆ ಹತ್ತಿರ ಇದೆ, ಇದರಲ್ಲಿ ಅಭ್ಯಾಸ ಮಾಡೋದಿಲ್ವಾ?" ಎಂದೆ.

"ಇವತ್ ಮೀನಲ್ವಾ ಅಕ್ಕ" ಎಂದಳು, ಇವತ್ತು ಭಾನುವಾರವಲ್ಲವಾ ಎನ್ನುವ ಹಾಗೆ.

ಅಲ್ಲಿಂದ ಮನೆಮನೆಗೆ ಹೋದೆ. ಯಂತ್ರಗಳು ಕಡಿಮೆ, ಇದ್ದಷ್ಟನ್ನೂ ಮೂಸಿದೆ. ಗಂಜಿ, ಬಿಳಿ ಅನ್ನ, ಒಂದೊಂದರಲ್ಲಿ ಹೆಸರುಬೇಳೆ, ಒಂದರಲ್ಲಿ ಬರೀ ಕರ್ಪೂರ. ಎಲ್ಲೂ ಮೀನಿಲ್ಲ. ಗುಮಾಸ್ತರು ಅರ್ಜಿ ಸರಿಸಿದ್ದನ್ನು ತಲೆಮಾರಿನಿಂದ ಕಂಡವರು ಯಂತ್ರ ಮುಟ್ಟುವ ದಿನ ಒಲೆಗೆ ಮೀನು ಇಡುವುದನ್ನೇ ಬಿಟ್ಟಿದ್ದರು. ಊರಿನ ಯಂತ್ರಗಳಲ್ಲಿ ಒಣಮೀನು ನಾರದಿದ್ದ ಒಂದೇ ಕೇರಿ ಅದು. ಊರಿನವರಿಗೆ ಇದು ಗೊತ್ತಿರಲಿಲ್ಲ, ಏಕೆಂದರೆ ಕೆರೆಕೇರಿಗೆ ಹೋಗಿ ಮೂಸಿದವರು ಯಾರೂ ಇರಲಿಲ್ಲ. ಹಾಗಾದರೆ ಆಸ್ಪತ್ರೆಗೆ ನುಗ್ಗಿದವನು ಕೇರಿಯವನಲ್ಲ, ಕೇರಿ ಹೀಗೆ ನಾರುತ್ತದೆ ಎಂದು ಊರಿನವರಿಂದ ಕೇಳಿ ನಂಬಿದವನು. ನನ್ನ ಕೈಗೆ ಏನೋ ಸಿಕ್ಕಿತು ಅನ್ನಿಸಿತು. ಏರಿ ಹತ್ತುವಾಗ ಸಣ್ಣೀರನಿಗೆ ಹೇಳಿದೆ.

ಅವನು ಖುಷಿ ಪಡಲಿಲ್ಲ. "ರಾಯರ್ಗೂ ಇಂಗೇ ಹೇಳ್ತೀರಾ?"

"ಮತ್ತೆ?"

"ಹೇಳಿ ನೋಡಿ."

ಹೇಳಿದೆ. ರಾಯರು ಪೂರ್ತಿ ಕೇಳಿಸಿಕೊಂಡರು. ಅವರು ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. "ಬಹಳ ಚೆನ್ನಾಗಿ ನೋಡಿದೀಯಮ್ಮ" ಎಂದರು. "ಆದ್ರೆ ಇನ್ನೊಂದು ಹೆಜ್ಜೆ ಮುಂದೆ ಹೋಗು. ಅವರು ಮೀನು ತಿಂದ ದಿನ ಮುಟ್ಟೋದಿಲ್ಲ. ಸರಿ. ಅಂದ್ಮೇಲೆ ಒಬ್ಬ ಮೀನು ತಿಂದೇ ಮುಟ್ಟಿದಾನೆ ಅಂದ್ರೆ, ಬೇಕೂಂತಲೇ ಮುಟ್ಟಿದಾನೆ. ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನ ನಿಮ್ಮ ಮೂಗಿಗೇ ಹಿಡೀತೀನಿ, ಮೂಸಿ, ಅಂತ. ನಾನು ಆ ಕೇರೀಲಿ ಹುಟ್ಟಿ ಅಷ್ಟು ವಿದ್ಯೆ ಕಲ್ತಿದ್ರೆ ಹಾಗೇ ಮಾಡ್ತಿದ್ದೆ."

ಅದು ನಿಜವಿರಬಹುದಿತ್ತು. ನಾನು ತಂದ ಸಾಕ್ಷಿ ಎರಡು ಕಡೆಗೂ ಅಷ್ಟೇ ಚೆನ್ನಾಗಿ ಹೊಂದುತ್ತಿತ್ತು. ಹೊರಗೆ ಬಂದು ಸಣ್ಣೀರನ ಮುಖ ನೋಡಿದೆ. "ಅದ್ಕೇ ಹೇಳಿ ನೋಡಿ ಅಂದಿದ್ದು" ಎಂದ.

"ನೀವೇನು ಅಂದುಕೊಂಡಿದ್ದೀರಿ ಸಣ್ಣೀರ? ನಿಜವಾಗಿ?"

"ಯಾರಾದ್ರೂ ಆಗ್ಲಿ, ಯಂತ್ರದೊಳ್ಗೆ ಇರೋದ್ನಷ್ಟೇ ನಾನು ಹೇಳೋದು. ಸಾಲಳ್ಸಿ ಹೊಡೀತಾನೆ. ಬೀಗದ ಪ್ರೋಗ್ರಾಮು ಸೀದ ಹಾಲಿನೋರ್ದು, ಆದ್ರೆ ಅದು ಈಗ ಸಂತೇಲಿ ಸಿಕ್ತದೆ, ಯಾರ್ ಬೇಕಾದ್ರೂ ತರ್ಬೋದು. ಇಷ್ಟೆ. ಹೆಸ್ರಿಡೋದು ನಿಮ್ ಕೆಲ್ಸ."

ಮಾರನೆಯ ದಿನ ನಗರಸಭೆಯ ಸಭಾಂಗಣದಲ್ಲಿ ತೀರ್ಪು. ಪದ್ಧತಿ ಹೀಗೆ: ಎರಡು ಮೂಗೂ ಬೇರೆಬೇರೆ ಮೇಜಿನಲ್ಲಿ ಕೂತು ಚೀಟಿಯಲ್ಲಿ ಹೆಸರು ಬರೆಯಬೇಕು. ಹೆಸರು ಒಂದೇ ಆದರೆ ತೀರ್ಪು. ಬೇರೆಯಾದರೆ ತೀರ್ಪಿಲ್ಲ, ಯಾರ ತಂತಿಯೂ ಕೀಳುವಂತಿಲ್ಲ. 'ಗೊತ್ತಿಲ್ಲ' ಎಂದು ಬರೆಯಲು ಅವಕಾಶವಿಲ್ಲ. ಹಾಗೆ ಬರೆದರೆ, ಅಥವಾ ಖಾಲಿ ಬಿಟ್ಟರೆ, ಎರಡನೇ ಮೂಗು ಹಿರಿಯ ಮೂಗಿನ ಜೊತೆಗಿದೆ ಎಂದೇ ಅರ್ಥ.

ಅಧ್ಯಕ್ಷರು ಮಾಲೂರಯ್ಯನವರು ಮೊದಲೇ ಅವಸರದಲ್ಲಿದ್ದರು. ಸಭಾಂಗಣದ ಹೊರಗೆ ಆಸ್ಪತ್ರೆಯಿಂದ ವಾಪಸು ಕಳಿಸಿದ ರೋಗಿಗಳ ಕಡೆಯವರು ಕೂಗುತ್ತಿದ್ದರು. ಒಬ್ಬ ಮುದುಕ ಕಿಟಕಿಯಿಂದ ಒಳಗೆ ಬಗ್ಗಿ, "ಯಾರು ಅಂತ ಬೇಗ ಹೇಳಿ ತಾಯಿ, ನನ್ ಮಗಳ ಹೊಟ್ಟೇಲಿ ಗಡ್ಡೆ ಅದೆ" ಎಂದ. ಯಾರು ಎಂದು ಹೇಳಿದರೆ ಗಡ್ಡೆ ಕರಗುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೆರೆಕೇರಿಯವರು ಕೂತಿದ್ದರು. ಎಲ್ಲರೂ ಮಡಿ ಬಟ್ಟೆ ಹಾಕಿಕೊಂಡು, ತಲೆ ಬಾಚಿಕೊಂಡು, ಮಾತಿಲ್ಲದೆ. ಚಿಕ್ಕತಾಯಮ್ಮ ಕೂಡ.

ರಾಯರು ತಕ್ಷಣ ಬರೆದು ಚೀಟಿ ಮಡಚಿದರು.

ನಾನು ಪೆನ್ನು ಹಿಡಿದು ಕೂತೆ. ನನಗೆ ಗೊತ್ತಿದ್ದದ್ದು ಒಂದೇ, ಗೊತ್ತಿಲ್ಲ ಎಂಬುದು. ಅದನ್ನು ಬರೆದರೆ ಕೇರಿಯ ತಂತಿ ಹೋಗುತ್ತದೆ. ಹಾಲಿನ ಆ ಎಳೆಯನ್ನು ಮತ್ತೆ ನೆನಪಿಗೆ ತಂದುಕೊಳ್ಳಲು ನೋಡಿದೆ. ನೆನಪಿಗೆ ಬಂದದ್ದು ಆಯಾ, ಅವಳ ಪಾತ್ರೆ. ಕೇರಿಯಲ್ಲಿ ಒಬ್ಬ ಬುದ್ಧಿವಂತ ಇದ್ದಾನೆಂದೇ ಇಟ್ಟುಕೊಂಡರೂ, ಅವನೊಬ್ಬನಿಗಾಗಿ ಇಡೀ ಕೇರಿಯ ತಂತಿ ಕೀಳುವುದು ಸರಿಯೇ ಎಂಬ ಪ್ರಶ್ನೆ ಬಂತು. ಆದರೆ ಚೀಟಿಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಚೀಟಿಯಲ್ಲಿ ಕೇಳಿದ್ದು ಹೆಸರು.

'ಸೀದ ಹಾಲು' ಎಂದು ಬರೆದೆ.

ಚೀಟಿ ಬಿಚ್ಚಿ ಓದಿದಾಗ ರಾಯರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಕುತೂಹಲವಿತ್ತು. "ಹಾಲು ಮೂಸಿದ್ಯಾ?" ಎಂದು ಮೆಲ್ಲಗೆ ಕೇಳಿದರು.

"ಮೂಸಿದೆ ಸರ್."

"ನನಗೆ ಸಿಗಲಿಲ್ಲ. ವಯಸ್ಸಾಯ್ತೇನೋ" ಎಂದು ಮೂಗಿನ ತುದಿ ಉಜ್ಜಿಕೊಂಡರು. ಮೂವತ್ತು ವರ್ಷ ಮೂಸಿದ ಮೂಗನ್ನು ಅವರು ನನ್ನ ಒಂದು ಪದಕ್ಕೆ ಅನುಮಾನಿಸಿಕೊಂಡರು.

ತೀರ್ಪಾಗಲಿಲ್ಲ. ತಂತಿ ಉಳಿಯಿತು. ಆಸ್ಪತ್ರೆಯವರು ಹಳೆಯ ಪ್ರತಿಗಳನ್ನು ಹುಡುಕಿ, ಉಳಿದದ್ದನ್ನು ರೋಗಿಗಳ ಬಾಯಿಂದಲೇ ಕೇಳಿ ಬರೆದುಕೊಂಡು ಕೆಲಸ ಶುರು ಮಾಡಿದರು. ಚಂದ್ರಕಲಾ ಪರೀಕ್ಷೆ ಬರೆದಳು. ಕೆರೆಕೇರಿಯವರು ಯಾರೂ ನನಗೆ ಬಂದು ಕೈಮುಗಿಯಲಿಲ್ಲ, ಮುಗಿಯಬೇಕಾಗಿಯೂ ಇರಲಿಲ್ಲ. ಮಾಡದ ಕೆಲಸಕ್ಕೆ ಶಿಕ್ಷೆಯಾಗದಿದ್ದರೆ ಅದೇನು ಉಪಕಾರವೇ? ಮಾಡಿದ್ದರೆ ಎಂಬುದನ್ನು ನಾನು ಯೋಚಿಸಲು ಹೋಗಲಿಲ್ಲ. ಆದರೂ ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ ಅದು ತಾನಾಗಿಯೇ ಬರುತ್ತಿತ್ತು.

ಸುಮಾರು ದಿನ ಕಳೆದ ಮೇಲೆ, ನಾವು ಊಟದ ಡಬ್ಬಿ ಬಿಚ್ಚಿದ ಹೊತ್ತಿಗೆ ಕಚೇರಿಗೆ ಫೋನು ಬಂತು. ನದಿಯಾಚೆ ನಮ್ಮಂಥದೇ ಒಂದು ಊರಿದೆ, ಅಲ್ಲಿಯ ಜಾಡು ಕಚೇರಿಯ ಹೆಂಗಸು. ನನ್ನ ಹೆಸರು ಹೇಳಿ ನನ್ನನ್ನೇ ಕೇಳಿದರು. "ದಾಕ್ಷಾಯಣಿಯವರಾ? ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ನಮ್ಮ ನೀರಿನ ಬೋರ್ಡಿಗೆ ನುಗ್ಗಿದಾರೆ. ಒಣಮೀನು ವಾಸನೆ. ಎಲ್ಲರೂ ಇಲ್ಲಿಯ ಬೆಸ್ತರ ಬೀದಿ ಅಂತ ಕೂತಿದ್ರು. ನಾನು ನಿಮ್ಮ ನಗರಸಭೆಯಿಂದ ನಿಮ್ಮ ಚೀಟಿಯ ಪ್ರತಿ ತರಿಸಿ ಮುಂದಿಟ್ಟೆ. ಸೀದ ಹಾಲಿನೋರು ಮೀನು ಹಚ್ಕೊಂಡು ಬರ್ತಾರೆ ಅಂತ ಅಲ್ಲಿ ಆಗಲೇ ಪತ್ತೆ ಮಾಡಿದಾರೆ ಅಂದೆ. ಬೀದಿಯೋರನ್ನ ಬಿಟ್ಬಿಟ್ರು."

ನಾನು ಏನೋ ಅಂದೆ, ಒಳ್ಳೆಯದಾಯಿತು ಎಂದೋ ಏನೋ.

"ಒಂದೇ ಒಂದು ಮಾತು. ಮೇಲಿನವರಿಗೆ ಬರೆದು ಕೊಡಬೇಕು, ಅದಕ್ಕೇ ಕೇಳ್ತಿದೀನಿ. ಅದು ಸೀದ ಹಾಲೇ ಅಂತ ನಿಮಗೆ ಖಾತ್ರಿ ತಾನೆ?"

ಫೋನಿನ ಆ ಕಡೆ ಬೆರಳುಗಳು ಟೈಪು ಮಾಡಲು ಕಾಯುತ್ತಿದ್ದವು. ನಾನು ಕಂಡಿಲ್ಲದ ಒಂದು ಬೀದಿಯಲ್ಲಿ ನಾನು ಕಂಡಿಲ್ಲದ ಮನೆಗಳಿದ್ದವು. ನೀರಿನ ಬೋರ್ಡಿಗೆ ನಿಜವಾಗಿ ನುಗ್ಗಿದವನು ಎಲ್ಲೋ ಕೂತು ಊಟ ಮಾಡುತ್ತಿದ್ದ, ಏನು ಊಟವೋ.

"ಖಾತ್ರಿ" ಎಂದೆ.

ಫೋನು ಇಟ್ಟೆ. ಎದುರಿನ ಮೇಜಿನಲ್ಲಿ ಸಣ್ಣೀರ ಮೊಸರನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿದ್ದ.

"ಏನ್ ಕೇಳಿದ್ರು?"

"ಖಾತ್ರಿನಾ ಅಂತ."

"ನೀವ್ ಹೂಂ ಅಂದ್ರಿ."

"ಹೂಂ ಅಂದೆ."

ಅವನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, ತಮಾಷೆಯೂ ಅಲ್ಲದ ಸಿಟ್ಟೂ ಅಲ್ಲದ ದನಿಯಲ್ಲಿ ಕೇಳಿದ. "ಹೆಂಗ್ ಖಾತ್ರಿ ಆಯ್ತು ಅಂತ ನಂಗೂ ಒಸಿ ಹೇಳಿ ಮೇಡಂ. ಕೆರೆಕೇರೀಲೇ ಹುಟ್ಟಿ ಅಲ್ಲೇ ಇರೋನು ನಾನು. ನಂಗೇ ಇನ್ನೂ ಆಗಿಲ್ಲ."